ಎತ್ತಿಕೊಂಡ ಮಾತು

ನಾಟಕದವರು ಅವಳನ್ನು ವಿಜ್ಞಾನಿ ಅನ್ನುತ್ತಿದ್ದರು, ವಿಜ್ಞಾನಿಗಳು ನಾಟಕದ ಮೇಡಂ ಅನ್ನುತ್ತಿದ್ದರು. ಇವೆರಡನ್ನೂ ಹೊಗಳಿಕೆ ಅಂತ ತಿಳಿದುಕೊಳ್ಳುವಷ್ಟು ಪೆದ್ದಿ ಅವಳಲ್ಲ. ಎರಡೂ ಮನೆಗೆ ಅವಳು ಸೊಸೆಯಾಗಿದ್ದಳೇ ಹೊರತು ಮಗಳಾಗಲಿಲ್ಲ. ಹಗಲು ಕಾಳಿನ ಬೂಷ್ಟು, ಸಂಜೆ ಮುಖಕ್ಕೆ ಬಣ್ಣ, ಇದರಲ್ಲೇ ಐವತ್ತು ದಾಟಿ ಮೈ ಹಣ್ಣಾಗಿತ್ತು. ಬೆಳಿಗ್ಗೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರೆ ಹಿಂದಿನ ಸಂಜೆಯ ಕಾಡಿಗೆ ಗಾಜಿಗೆ ಹತ್ತುತ್ತಿತ್ತು. ಸಂಜೆ ರಾಣಿಯಾಗಿ ಸಿಂಹಾಸನದ ಮೇಲೆ ಕೂತರೆ ಕೈಯಿಂದ ಸ್ಪಿರಿಟ್ ವಾಸನೆ ಬಂದು ಪಕ್ಕದ ರಾಜ ಮೂಗು ಮುರಿಯುತ್ತಿದ್ದ.

ತನ್ನ ಗಂಡ ತೀರಿಕೊಂಡ ಮೇಲೆ ಅವಳ ಜೊತೆಗೇ ಬಂದು ಉಳಿದಿದ್ದ ಅಕ್ಕ ದಿನಾ ಒಂದೇ ರಾಗ ತೆಗೆಯುತ್ತಿದ್ದಳು.

"ಎರಡರಲ್ಲಿ ಒಂದನ್ನ ಬಿಟ್ಟು ಹಾಯಾಗಿರಬಾರ್ದೇನೇ? ನೀನು ಬಿಟ್ರೆ ನಾಟಕಾನೂ ನಿಲ್ಲಲ್ಲ, ಬೂಷ್ಟೂ ನಿಲ್ಲಲ್ಲ."

"ಇದೊಂದು ಮುಗೀಲಿ ಅಕ್ಕ."

'ಇದೊಂದು' ಅಂದರೆ ತೇವದ ಕೆಲಸ. ಗೋದಾಮಿನಲ್ಲಿ ಕೂಡಿಟ್ಟ ಕಾಳಿಗೆ ಹಿಡಿಯುವ ಬೂಷ್ಟಿನಲ್ಲಿ ಒಂದು ಜಾತಿ ವಿಷ ಕಾರುತ್ತದೆ. ಕಣ್ಣಿಗೆ ಕಾಣಿಸಿಕೊಳ್ಳುವ ಮೊದಲೇ ತಿಂದವರ ಲಿವರ್ ಹಾಳುಮಾಡಿರುತ್ತದೆ. ಕಾಳಿನಲ್ಲಿ ನೂರಕ್ಕೆ ಎಷ್ಟು ಪಾಲು ತೇವ ಉಳಿದರೆ ಅದು ಏಳುತ್ತದೆ, ಎಷ್ಟಕ್ಕೆ ಒಣಗಿಸಿದರೆ ಏಳುವುದಿಲ್ಲ ಎಂದು ಕಂಡುಹಿಡಿಯಲು ಅವಳು ಆರು ವರ್ಷ ಸವೆಸಿದ್ದಳು. ನಾಟಕದಲ್ಲಿ ಆಡಿದ್ದೆಲ್ಲ ಪರದೆ ಬಿದ್ದ ಕೂಡಲೇ ಸುಳ್ಳಾಗುತ್ತಿತ್ತು. ತಾನು ಬಾಯಿ ಬಿಡದಿದ್ದರೂ ನಿಜವಾಗಿಯೇ ಉಳಿಯುವಂಥದ್ದು ಒಂದಾದರೂ ತನ್ನ ಹೆಸರಲ್ಲಿರಲಿ ಎಂದು ಅವಳಿಗೆ ಆಸೆ. ಇಷ್ಟು ವಯಸ್ಸಾದ ಮೇಲೆ ಇದು ದೊಡ್ಡ ದುರಾಸೆಯೇನಲ್ಲ.

ಅವಳ ಕೈಕೆಳಗೆ ಒಬ್ಬಳೇ ಹುಡುಗಿ, ಸಂಶೋಧನೆಗೆಂದು ಸೇರಿದವಳು. ಗಾಳಿ ಬಂದರೆ ಹಾರಿಹೋಗುವಂತಿದ್ದುದರಿಂದ ಎಲ್ಲರೂ ಕಡ್ಡಿ ಅನ್ನುತ್ತಿದ್ದರು. ಇಬ್ಬರೂ ಸೇರಿ ಎಂಟು, ಹತ್ತು, ಹನ್ನೆರಡು, ಹದಿನಾಲ್ಕು ಪಾಲು ತೇವದ ಕಾಳನ್ನು ಡಬ್ಬಿಗಳಲ್ಲಿ ತುಂಬಿ, ಬೆಚ್ಚಗಿನ ಬೀರುಗಳಲ್ಲಿ ಇಟ್ಟಿದ್ದರು. ಎಂಟು ಮತ್ತು ಹತ್ತರ ಕಾಳು ಶುದ್ಧವಾಗಿತ್ತು. ಹದಿನಾಲ್ಕರದ್ದು ವಿಷದ ಗಣಿ. ಹನ್ನೆರಡರದ್ದು ಏನಾಗಿತ್ತೋ ದೇವರಿಗೇ ಗೊತ್ತು, ಯಾಕೆಂದರೆ ಆ ಬೀರುವಿನ ಥರ್ಮೋಸ್ಟಾಟ್ ಕೆಟ್ಟು, ಶಾಖ ಏರಿ, ಡಬ್ಬಿಗಳೊಳಗೆ ಕಾಳೆಲ್ಲ ಬೆವೆತು ಲೆಕ್ಕಕ್ಕೆ ಬಾರದಂತಾಗಿತ್ತು. ಮತ್ತೆ ಇಡಬೇಕು, ಕಾಯಬೇಕು. ಅಷ್ಟರಲ್ಲಿ ಸಂಸ್ಥೆಯ ಸಮಿತಿ ಕೆಲಸ ನೋಡಲು ಬರುವುದಾಗಿ ಹೇಳಿಕಳಿಸಿತು.

ಇಲ್ಲಿ ನಾಟಕದವರ ಒಂದು ಪದ್ಧತಿ ಹೇಳಬೇಕು. ರಂಗದ ಮೇಲೆ ಜೊತೆಯವನು ಮಾತು ಮರೆತರೆ ಅವನನ್ನು ನಡುನೀರಿನಲ್ಲಿ ಬಿಡಬಾರದು. ಅವನ ಮಾತನ್ನು ನೀವೇ ಎತ್ತಿಕೊಳ್ಳಬೇಕು, ಪ್ರೇಕ್ಷಕರಿಗೆ ಸುಳಿವೂ ಸಿಗಬಾರದು. ಅದರಲ್ಲಿ ಅವಳದ್ದು ಎತ್ತಿದ ಕೈ. ಒಮ್ಮೆ ಯುದ್ಧ ಸಾರಬೇಕಿದ್ದ ರಾಜ ಬಾಯಿ ತೆರೆದವನು ತೆರೆದಂತೆಯೇ ನಿಂತುಬಿಟ್ಟ. ರಾಣಿಯಾಗಿದ್ದ ಇವಳು ಅವನ ಭುಜ ಹಿಡಿದು, "ಸ್ವಾಮಿ, ನಿಮ್ಮ ಮೌನವೇ ಅಪ್ಪಣೆ" ಎಂದು ತಾನೇ ಯುದ್ಧ ಸಾರಿದಳು. ಜನ ಚಪ್ಪಾಳೆ ಹೊಡೆದದ್ದೇ ಹೊಡೆದದ್ದು. ರಾಜ ಒಳಗೆ ಹೋಗಿ ಅವಳ ಕಾಲಿಗೆ ಬೀಳುವುದೊಂದು ಬಾಕಿ. ಇಂಥ ಮೂವತ್ತು ವರ್ಷದ ಅಭ್ಯಾಸ ಮೈಗೆ ಹತ್ತಿದರೆ ಅದು ನಿಮ್ಮನ್ನು ಕೇಳಿಕೊಂಡು ಕೆಲಸ ಮಾಡುವುದಿಲ್ಲ.

ಸಮಿತಿಯ ದಿನ ಉದ್ದನೆಯ ಮೇಜಿನ ಆಚೆ ಐದಾರು ಜನ, ನಡುವೆ ಅಧ್ಯಕ್ಷರು. ಕಡ್ಡಿ ಪರದೆಯ ಪಕ್ಕ ನಿಂತು ಒಪ್ಪವಾಗಿ ವಿವರಿಸಿದಳು. ಹಿಂದಿನ ಸಂಜೆಯ ನಾಟಕದ ನಿದ್ದೆ ಇನ್ನೂ ಬಾಕಿ ಉಳಿಸಿಕೊಂಡಿದ್ದ ಅವಳು ಕುರ್ಚಿಯಲ್ಲಿ ಕೂತು ಆಕಳಿಕೆ ನುಂಗುತ್ತಿದ್ದಳು. ಆಗ ಅಧ್ಯಕ್ಷರು ಕೇಳಿದರು:

"ಹನ್ನೆರಡರದ್ದು ಏನಾಯ್ತಮ್ಮ?"

ಕಡ್ಡಿ ಸುಮ್ಮನಾದಳು. ತುಟಿ ಬಿಚ್ಚಿತು, ಮಾತು ಬರಲಿಲ್ಲ.

ಅಷ್ಟೇ ಸಾಕಾಯಿತು. ಅವಳು ಕುರ್ಚಿಯಿಂದ ಎದ್ದು ನಿಂತಿದ್ದು ಅವಳಿಗೇ ತಿಳಿಯಲಿಲ್ಲ.

"ಹನ್ನೆರಡರಲ್ಲೂ ಬೂಷ್ಟು ಏಳಲಿಲ್ಲ ಸರ್. ಮಳೆಗಾಲ ಪೂರ್ತಿ ಇಟ್ವಿ. ಕಾಳು ಹಾಕಿದಾಗ ಹೇಗಿತ್ತೋ ಹಾಗೇ ಇತ್ತು."

ಆ ದನಿಯನ್ನು ನೀವು ಕೇಳಬೇಕಿತ್ತು. ಕೊನೆಯ ಸಾಲಿನ ಪ್ರೇಕ್ಷಕನಿಗೂ ತಲುಪುವ, ಅನುಮಾನಕ್ಕೆ ಎಡೆಯೇ ಕೊಡದ ದನಿ. ಸಮಿತಿ ತಲೆದೂಗಿತು. ಅಧ್ಯಕ್ಷರಂತೂ ಹಿಗ್ಗಿಹೋದರು. "ಹಾಗಾದ್ರೆ ಹತ್ತಕ್ಕೆ ಒಣಗಿಸೋ ಒದ್ದಾಟವೇ ಬೇಡ. ಹನ್ನೆರಡು ಸಾಕು ಅಂತ ಎಲ್ಲಾ ಗೋದಾಮಿಗೂ ಸುತ್ತೋಲೆ ಕಳಿಸೋಣ." ಅವಳು ಕುರ್ಚಿಗೆ ಮರಳಿದಳು. ತಿದ್ದಿಕೊಳ್ಳಲು ಆಗಲೂ ಸಮಯವಿತ್ತು. ಆದರೆ ಸಮಿತಿ ಎದ್ದಿತು, ಕೈಕುಲುಕಿತು, ಚಹಾ ಬಂತು, ಸಂಜೆಯ ನಾಟಕಕ್ಕೆ ಹೊತ್ತಾಯಿತು. ಹೇಡಿತನಕ್ಕೆ ಪಾಪ ಯಾವತ್ತೂ ನೆಪದ ಬರವಿಲ್ಲ.

ಮರುದಿನ ಬೆಳಿಗ್ಗೆ ಪ್ರಯೋಗಾಲಯದ ಬಾಗಿಲು ತೆರೆದರೆ ಕಡ್ಡಿ ಆಗಲೇ ಕಂಪ್ಯೂಟರಿನ ಮುಂದೆ ಕೂತಿದ್ದಳು. ನಕ್ಷೆಯಲ್ಲಿ ಹತ್ತಕ್ಕೂ ಹದಿನಾಲ್ಕಕ್ಕೂ ನಡುವೆ ಖಾಲಿಯಿದ್ದ ಜಾಗದಲ್ಲಿ ಒಂದು ಹೊಸ ಚುಕ್ಕೆ ಬಂದಿತ್ತು.

"ನೀವು ಬೇರೆ ಡಬ್ಬಿ ಇಟ್ಟಿದ್ದು ನನಗೆ ಹೇಳ್ಲೇ ಇಲ್ವಲ್ಲ ಮೇಡಂ" ಎಂದಳು ಹುಡುಗಿ, ಸ್ವಲ್ಪ ಮುನಿಸಿನಿಂದ, ಸ್ವಲ್ಪ ಮೆಚ್ಚುಗೆಯಿಂದ. "ಯಾವ ಬೀರೂಲಿ ಇಟ್ಟಿದ್ರಿ?"

ತನ್ನನ್ನು ಕಾಪಾಡಲು ಮೇಡಂ ಸುಳ್ಳು ಹೇಳಿದರೆಂದು ಈ ಹುಡುಗಿಗೆ ಹೊಳೆದೇ ಇರಲಿಲ್ಲ. ಮೇಡಂ ಹೇಳಿದರೆ ಅದು ಅಳೆದೇ ಹೇಳಿದ್ದು ಎಂದು ನಂಬಿದ್ದಳು. ಆರು ವರ್ಷದಲ್ಲಿ ಮೇಡಂ ಗಳಿಸಿದ್ದ ಆಸ್ತಿ ಆ ನಂಬಿಕೆಯೊಂದೇ.

"ಆ ಚುಕ್ಕೆ ಅಳಿಸು" ಎಂದವಳೇ ಬ್ಯಾಗನ್ನೂ ಕೆಳಗಿಡದೆ ಅಧ್ಯಕ್ಷರ ಕೋಣೆಗೆ ಮೆಟ್ಟಿಲು ಹತ್ತಿದಳು.

ಅಧ್ಯಕ್ಷರು ಸುತ್ತೋಲೆಯ ಕರಡನ್ನೇ ಓದುತ್ತಿದ್ದರು. ಅವಳು ಇದ್ದದ್ದನ್ನು ಇದ್ದಹಾಗೆ ಹೇಳಿದಳು. ಹನ್ನೆರಡರ ಡಬ್ಬಿಗಳು ಕೆಟ್ಟುಹೋಗಿದ್ದವು, ನಿನ್ನೆ ಹೇಳಿದ್ದು ಅಳತೆಯಲ್ಲ. ಹೇಳುವಾಗ ದನಿ ಒಣಗಿತ್ತು, ಕಣ್ಣು ನೆಲ ನೋಡುತ್ತಿತ್ತು. ಅದು ಅವಳ ಸ್ವಂತ ದನಿ. ಮನೆಯಲ್ಲಿ ಅಕ್ಕನ ಹತ್ತಿರ ಉಪ್ಪು ಕೇಳುವ ದನಿ.

"ಸುಸ್ತಾಗಿದೀರ ಮೇಡಂ" ಎಂದು ಅಧ್ಯಕ್ಷರು ನಕ್ಕರು. "ಕೆಲಸ ಮುಗೀತು ಅಂದಾಗ ಎಲ್ಲರಿಗೂ ಹೀಗೇ ಅನುಮಾನ ಬರುತ್ತೆ. ನಂಗೂ ಬರ್ತಿತ್ತು. ಎರಡು ದಿನ ರಜೆ ಹಾಕಿ."

"ಅನುಮಾನ ಅಲ್ಲ ಸರ್. ಅಳತೇನೇ ಇಲ್ಲ."

"ನಿನ್ನೆ ಅಷ್ಟು ಖಚಿತವಾಗಿ ಹೇಳಿದ್ರಲ್ಲ! ಅರ್ಧ ಪಾಲು ಹೆಚ್ಚುಕಮ್ಮಿ ಇದ್ರೂ ಏನೂ ಆಗಲ್ಲ ಬಿಡಿ." ಅವರ ಕೈ ಪೆನ್ನಿನ ಕಡೆ ಹೋಯಿತು.

ಅವಳಿಗೆ ಅಳು ಬರುವಷ್ಟು ಆಯಾಸವಾಯಿತು. ಸುಳ್ಳನ್ನು ಒಂದೇ ಏಟಿಗೆ ನಂಬಿದ ಮನುಷ್ಯ ನಿಜವನ್ನು ಕಿವಿಗೇ ಹಾಕಿಕೊಳ್ಳುತ್ತಿಲ್ಲ. ಇವರಿಗೆ ನಿಜ ಬೇಕಿಲ್ಲ, ದನಿ ಬೇಕು. ಸರಿ, ಅದೇ ಆಗಲಿ. ಅವಳು ಬ್ಯಾಗನ್ನು ಕುರ್ಚಿಯ ಮೇಲಿಟ್ಟಳು, ಬೆನ್ನು ನೆಟ್ಟಗೆ ಮಾಡಿದಳು, ಹೊಟ್ಟೆಯ ತಳದಿಂದ ಉಸಿರೆಳೆದಳು. ಅವರು ತಲೆ ಎತ್ತುವವರೆಗೆ ಕಾದಳು.

"ಆ ಹನ್ನೆರಡು ನಾನು ಕಟ್ಟಿದ ಮಾತು. ಆ ಕಾಗದ ಹೊರಗೆ ಹೋದ್ರೆ ಜನ ವಿಷ ತಿನ್ನಬಹುದು. ತಿಂದ್ರೆ ನಾನೂ ನೀವೂ ಸೇರಿ ತಿನ್ನಿಸಿದ ಹಾಗೆ."

ಅಧ್ಯಕ್ಷರು ಪೆನ್ನು ಕೆಳಗಿಟ್ಟು, ಸುತ್ತೋಲೆಯನ್ನು ಎರಡಾಗಿ, ನಾಲ್ಕಾಗಿ ಹರಿದರು. ಬೈಯುತ್ತಾರೆ ಅಂದುಕೊಂಡಳು. ಬೈದಿದ್ದರೆ ಒಳ್ಳೆಯದಿತ್ತು.

"ಎಂಟು, ಹತ್ತು, ಹದಿನಾಲ್ಕು?" ಎಂದು ಕೇಳಿದರು ಮೆಲ್ಲಗೆ. "ಅವನ್ನ ಈಗ ನಾನು ಹೇಗೆ ನಂಬಲಿ?"

ಅವು ನಿಜ. ಒಂದೊಂದು ಡಬ್ಬಿಯನ್ನೂ ಅವಳೇ ತೂಗಿದ್ದಳು, ಅವಳೇ ತೆರೆದಿದ್ದಳು. ಆದರೆ ಅದನ್ನು ಯಾವ ದನಿಯಲ್ಲಿ ಹೇಳುವುದು? ಒಂದನ್ನು ಇವರು ನಂಬುವುದಿಲ್ಲ, ಇನ್ನೊಂದನ್ನು ನಂಬಬಾರದು.

"ಬೇರೆಯವರ ಕೈಲಿ ಮೊದಲಿಂದ ಮಾಡಿಸಿ ಸರ್" ಎಂದಳು.

"ಮಾಡಿಸ್ಲೇಬೇಕು. ನಿಮ್ಮ ಹೆಸರು ಅದರಲ್ಲಿರಲ್ಲ." ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಆ ಹುಡುಗಿ ಹೆಸರಲ್ಲಿ ನಡೀಲಿ. ಅವಳಾದ್ರೂ ಬಾಯಿ ಮುಚ್ಕೊಂಡಿದ್ಲು."

ಬ್ಯಾಗೆತ್ತಿಕೊಂಡು ಕೆಳಗೆ ಬಂದಾಗ ಚುಕ್ಕೆ ಹೋಗಿತ್ತು. ಕಡ್ಡಿ ಕೈಕಟ್ಟಿಕೊಂಡು ಕೂತಿದ್ದಳು. ಎಲ್ಲ ಅರ್ಥವಾಗಿತ್ತು ಅನ್ನುವುದು ಮುಖದಲ್ಲೇ ಕಾಣುತ್ತಿತ್ತು. ಆದರೂ ಇವಳು ಮೇಲೆ ನಡೆದದ್ದನ್ನು ಒಂದೂ ಬಿಡದೆ ಹೇಳಿದಳು. ಹೇಳಿ, ಕೊನೆಗೆ, ಸಮಾಧಾನಕ್ಕೋ ಸಮರ್ಥನೆಗೋ ಸೇರಿಸಿದಳು:

"ನೀನು ಮರೆತು ನಿಂತ್ಬಿಟ್ಟೆಯಲ್ಲ, ಕೈಬಿಡೋಕೆ ಮನಸ್ಸು ಬರ್ಲಿಲ್ಲ."

ಕಡ್ಡಿ ತಲೆ ಎತ್ತಿದಳು.

"ನಾನು ಮರೆತಿರಲಿಲ್ಲ ಮೇಡಂ. 'ಕೆಟ್ಟುಹೋಯ್ತು, ನಮಗಿನ್ನೂ ಗೊತ್ತಿಲ್ಲ, ಮತ್ತೆ ಇಡ್ತೀವಿ' ಅಂತ ಹೇಳ್ಬೇಕು ಅಂತಿದ್ದೆ. ಅಷ್ಟು ದೊಡ್ಡವರ ಮುಂದೆ ಹೇಳೋಕೆ ಒಂಚೂರು ಧೈರ್ಯ ತಗೋತಿದ್ದೆ, ಅಷ್ಟೇ. ಅಷ್ಟರಲ್ಲಿ ನೀವು ಎದ್ರಿ."

ಇವಳು ಸ್ಟೂಲಿನ ಮೇಲೆ ಕೂತಳು. ನಾಲಿಗೆಯ ತುದಿಗೆ ಮೂರು ನಾಲ್ಕು ಮಾತು ಬಂದವು, ಒಂದಕ್ಕಿಂತ ಒಂದು ಚೆನ್ನಾಗಿದ್ದವು. ಒಂದನ್ನೂ ಆಡಲಿಲ್ಲ. ಹುಡುಗಿಯೂ ಸುಮ್ಮನಿದ್ದಳು. ಆ ಮೌನದಲ್ಲಿ ಕೂತಿರುವುದು ಇವಳಿಗೆ ಗೊತ್ತಿದ್ದ ಕೆಲಸವಲ್ಲ.

ಕೊನೆಗೆ ಕಡ್ಡಿಯೇ, ಅವಳ ಮುಖ ನೋಡದೆ, ತಗ್ಗಿದ ದನಿಯಲ್ಲಿ ಹೇಳಿದಳು:

"ಬೀರು ಕೀ ಕೊಟ್ಬಿಡಿ ಮೇಡಂ. ಇನ್ಮೇಲೆ ನಾನೊಬ್ಳೇ ತೆಗೀತೀನಿ."

ಅವಳು ಬ್ಯಾಗಿನಲ್ಲಿ ತಡಕಾಡಿ, ಬಣ್ಣದ ಡಬ್ಬಿಯನ್ನೂ ಬಾಚಣಿಗೆಯನ್ನೂ ಪಕ್ಕಕ್ಕೆ ಸರಿಸಿ, ಕೀಲಿ ತೆಗೆದು ಕೊಟ್ಟಳು.