ಒದ್ದೆ ಜೋಳದ ತೂಕ

“ಒಂದೂವರೆ ಕೇಜಿ ಏರೀರಲ್ರಿ ಯಜಮಾನ್ರೇ. ಏನು ತಿಂದ್ರಿ?” ಎಂದು ನರ್ಸ್ ಕೀರ್ತನಾ ಬಗ್ಗಿ ಅಂಕಿ ಓದಿದಳು.

ತೂಕದ ಯಂತ್ರದ ಮೇಲೆ ನಿಂತಿದ್ದ ಸಣ್ಣತಿಮ್ಮಪ್ಪ, ಬಾಯಿ ತೆರೆದರೆ ಎಲ್ಲ ಹೊರಗೆ ಬಂದೀತೇನೋ ಎಂಬಂತೆ ತುಟಿ ಬಿಗಿ ಹಿಡಿದಿದ್ದ. ಮಾತಾಡಿದವಳು ಹೆಂಡತಿ ಪುಟ್ಟಕ್ಕ.

“ನನ್ನ ರಾಗಿ ಗಂಜಿ ಕಣಮ್ಮ. ದಿನಕ್ಕ ನಾಕು ಲೋಟ. ನಾನು ಕೆಲಸ ಮುಗಿಸ್ಕೊಂಡು ಬರೋದ್ರಾಗೆ ತೊಳದಂಗ ಖಾಲಿ ಮಾಡಿಟ್ಟಿರ್ತಾರೆ.”

ಹರಿಹರದ ಈ ಸಣ್ಣತಿಮ್ಮಪ್ಪ ಮೂವತ್ತೊಂದು ವರ್ಷ ದಾವಣಗೆರೆಯ ಮಾರ್ಕೆಟ್‌ನಲ್ಲಿ ಮೆಕ್ಕೆಜೋಳ ತೂಗಿದವನು. ತೂಕ ಹೆಚ್ಚಲೆಂದು ಕೆಲವರು ಚೀಲಕ್ಕೆ ನೀರು ಚಿಮುಕಿಸಿ ತರುತ್ತಿದ್ದರು. ಇವನು ಚೀಲದ ತಳದವರೆಗೆ ಕೈ ಇಳಿಸಿ, ಒಂದು ಕಾಳು ತೆಗೆದು ಹಲ್ಲಿಗಿಡುತ್ತಿದ್ದ. ಒಣಗಿದ್ದು ಕಟ್ ಎನ್ನುತ್ತದೆ, ಒದ್ದೆಯದು ಸುಮ್ಮನಿರುತ್ತದೆ. “ತಿಮ್ಮಪ್ಪಣ್ಣನ ಹಲ್ಲಿಗೆ ಸುಳ್ಳು ಹೇಳಾಕಾಗಲ್ಲಪ್ಪ” ಎಂದು ಹದಡಿಯ ರೈತರು ನಗುತ್ತಿದ್ದರು.

ಆಷಾಢದಲ್ಲಿ ಅವನಿಗೆ ರೊಟ್ಟಿ ಎದೆಯ ಹತ್ತಿರ ನಿಲ್ಲತೊಡಗಿತು. ಆಮೇಲೆ ಅನ್ನವೂ ನಿಂತಿತು. ಅನ್ನನಾಳ ಹೊಟ್ಟೆಗೆ ಕೂಡುವ ಜಾಗದಲ್ಲಿ ಗಡ್ಡೆ, ಕ್ಯಾನ್ಸರ್ ಎಂದರು. ನಾಲ್ಕು ಸಲ ಕೀಮೋ ಔಷಧದ ಡ್ರಿಪ್ ಹಾಕಿದ ಮೇಲೆ ಗಡ್ಡೆ ಕುಗ್ಗಿತು. ಉಳಿದದ್ದು ಆಪರೇಷನ್. ಆದರೆ ಹೋದ ಸಲ ಡಾಕ್ಟರ್ ಸುಧಾ ಒಂದು ಮಾತು ಹೇಳಿ ಕಳಿಸಿದ್ದರು: “ಗಡ್ಡೆ ಎಷ್ಟಿದೆ ಅನ್ನೋದೊಂದನ್ನೇ ನಾವು ನೋಡಲ್ಲ. ಮುಂದೆ ಹೇಗಾಗುತ್ತೆ ಅಂತ ಮೊದಲೇ ಪಿಸುಗುಡೋ ಗುರುತುಗಳಿವೆ. ಮೈ ತೂಕ ಒಂದು, ರಕ್ತದಲ್ಲಿರೋ ಅಲ್ಬುಮಿನ್ ಅನ್ನೋ ಸತ್ವ ಇನ್ನೊಂದು. ಎರಡು ವಾರದಲ್ಲಿ ಅವು ಏರದಿದ್ರೆ ಮೂಗಿನಿಂದ ನಳಿಗೆ ಹಾಕಿ ಊಟ ಕೊಡ್ತೀವಿ, ಆಪರೇಷನ್ ಮುಂದಕ್ಕೆ ಹೋಗುತ್ತೆ.”

ನಳಿಗೆ ಎಂದದ್ದೇ ಸಣ್ಣತಿಮ್ಮಪ್ಪನ ಕಿವಿ ಮುಚ್ಚಿಹೋಗಿತ್ತು. ಅವನ ಅಣ್ಣ ರೇವಣ್ಣನ ಮೂಗಿಗೆ ನಳಿಗೆ ಬಂದ ಮೂರನೇ ದಿನ ಮನೆಯ ಮುಂದೆ ಶಾಮಿಯಾನ ಹಾಕಿದ್ದರು.

ಆದ್ದರಿಂದ ಈ ದಿನ ಅವನು ಬೆಳಗಿನ ಐದಕ್ಕೇ ಎದ್ದು ನೀರು ಕುಡಿಯತೊಡಗಿದ್ದ. ಗಂಜಿ ಇಳಿಯುತ್ತಿರಲಿಲ್ಲ, ಬಾಯಿಗಿಟ್ಟರೆ ಕಬ್ಬಿಣದ ರುಚಿ. ನೀರಾದರೆ ಗುಟುಕು ಗುಟುಕಾಗಿ ಇಳಿಯುತ್ತಿತ್ತು. ಆಸ್ಪತ್ರೆಗೆ ಬರುವ ಬಸ್ಸಿನಲ್ಲೂ ಕುಡಿದ. ಊಟ ಬಿಟ್ಟಂದಿನಿಂದ ಅವನಿಗೆ ಎಚ್ಚರಕ್ಕೂ ಕನಸಿಗೂ ನಡುವಿನ ಗೋಡೆ ತೆಳ್ಳಗಾಗಿತ್ತು. ಕಿಟಕಿಗೆ ತಲೆ ಆನಿಸಿದರೆ ಸಾಕು, ಹೊಳೆಯೇ ಚೀಲ ಚೀಲವಾಗಿ ತಕ್ಕಡಿಗೆ ಬಂದು ಕೂರುತ್ತಿತ್ತು. ಇವನು ತೂಕದ ಕಲ್ಲಿಡುತ್ತಿದ್ದ, ಹೊಳೆ ಏಳುತ್ತಿರಲಿಲ್ಲ. ಇನ್ನೊಂದು ಕಲ್ಲು, ಮತ್ತೊಂದು ಕಲ್ಲು. ಸಾಲು ನಿಂತ ರೈತರೆಲ್ಲ ಮಂಜಿನಿಂದ ಮಾಡಿದವರ ಹಾಗಿದ್ದರು, ಯಾರಿಗೂ ಅವಸರವಿರಲಿಲ್ಲ.

ಡಾಕ್ಟರ್ ಸುಧಾ ಕೋಣೆಯಲ್ಲಿ ಎರಡು ಕಾಗದಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಕೂತಿದ್ದರು. ಒಂದು ಈಗಿನ ತೂಕ, ಇನ್ನೊಂದು ಮೊನ್ನೆ ಹರಿಹರದ ಲ್ಯಾಬಿನಲ್ಲಿ ಮಾಡಿಸಿದ ರಕ್ತದ ವರದಿ.

“ತೂಕ ಏರಿದೆ, ಅಲ್ಬುಮಿನ್ ಇಳಿದಿದೆ. ಇದು ಹೇಗೆ ಯಜಮಾನ್ರೇ?”

ಸಣ್ಣತಿಮ್ಮಪ್ಪ ಕಾಲಿಗೆ ಕಾಲು ಒತ್ತಿ ಕೂತಿದ್ದ. ಹಣೆಯಲ್ಲಿ ಬೆವರು. “ಮೇಡಂ, ಒಂದೀಟು ಹೊರಗ ಹೋಗಿ ಬರ್ತೀನಿ.”

ಹೋದವನು ಬರಲು ಬಹಳ ಹೊತ್ತು ಹಿಡಿಯಿತು. ಮರಳಿದಾಗ ಮುಖ ಹಗುರಾಗಿತ್ತು, ಕಣ್ಣು ನೆಲದಲ್ಲಿತ್ತು. ಕೀರ್ತನಾ ಮತ್ತೆ ಯಂತ್ರ ತೋರಿಸಿದಳು. ಅರ್ಧ ಕೇಜಿ ಹೋಗಿತ್ತು.

“ಗಂಜಿ?” ಎಂದಳು ಪುಟ್ಟಕ್ಕ. ಅವಳ ದನಿ ಸಣ್ಣದಾಗಿತ್ತು.

“ಪಕ್ಕದ ಮನಿ ಉಚ್ಚಂಗಮ್ಮನ ಎಮ್ಮಿಗೆ.”

“ಅದ್ಕೇ ಅದು ನಮ್ಮ ಬಾಗಲು ಬಿಟ್ಟು ಕದಲ್ತಿರ್ಲಿಲ್ಲ.” ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. “ಮೇಡಂ, ಎಮ್ಮೀನ ಕರ್ಕೊಂಡು ಬರ್ತೀನಿ, ತೂಗ್ರಿ. ನಾನು ಕುದಿಸಿದ್ದೆಲ್ಲ ಅದರ ಮೈಯಾಗೈತೆ.”

ಸುಧಾ ನಗು ತಡೆದುಕೊಂಡು ಗಂಭೀರವಾಗಿ ಕೇಳಿದರು: “ಒದ್ದೆ ಜೋಳ ತೂಗಿ ಗೋದಾಮಿಗೆ ಹಾಕಿದ್ರೆ ಏನಾಗುತ್ತೆ? ಅದು ನಿಮಗೇ ಚೆನ್ನಾಗಿ ಗೊತ್ತು.”

“ಬೂಷ್ಟು ಹಿಡೀತೈತ್ರಿ. ಪಕ್ಕದ ಚೀಲಾನೂ ಕೆಡಿಸ್ತೈತೆ.”

“ಈ ತೂಕ ನಂಬಿ ನಾನು ಕತ್ತರಿ ಹಾಕಿದ್ದಿದ್ರೆ ಒಳಗಿನ ಹೊಲಿಗೆ ಕೂಡ್ತಿರಲಿಲ್ಲ. ಹೊಲಿಗೆ ಕೂಡೋಕೆ ಬೇಕಾದ ಸತ್ವ ನೀರಿನಲ್ಲಿಲ್ಲ.”

ಸಣ್ಣತಿಮ್ಮಪ್ಪ ತನ್ನ ಅಂಗೈ ನೋಡಿಕೊಂಡ. ಎಷ್ಟು ಚೀಲದ ತಳ ಮುಟ್ಟಿದ ಕೈ. “ನಳಿಗೆ ಹಾಕಿದ್ರ ನಮ್ಮಣ್ಣ ಉಳೀಲಿಲ್ಲ ಮೇಡಂ.”

“ಅವರಿಗೆ ಎಲ್ಲ ಮುಗಿದ ಮೇಲೆ ಹಾಕಿರ್ತಾರೆ. ನಿಮಗೆ ಶುರು ಮಾಡೋಕೆ ಮುಂಚೆ ಹಾಕ್ತೀವಿ. ಮೂರು ವಾರ ಕೊಡಿ. ಗುರುತು ಏರಿದ್ರೆ ಆಪರೇಷನ್. ಏರದಿದ್ರೆ ಬೇರೆ ದಾರಿ ಯೋಚಿಸೋಣ. ಮಾತಂತೂ ಕೊಡಲಾರೆ.”

ಅವನು ಹೆಂಡತಿಯ ಕಡೆ ನೋಡಿದ. ಅವಳು ತೀರ್ಪು ಅವನದೇ ಆಗಲೆಂದು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು.

“ಹಾಕ್ರಿ” ಎಂದ.

ಮೂಗಿನಲ್ಲಿ ಉರಿ, ಗಂಟಲಲ್ಲಿ ಓಕರಿಕೆ, ಕಣ್ಣಿನಲ್ಲಿ ನೀರು. “ನುಂಗ್ರಿ, ನುಂಗ್ರಿ” ಎಂದು ಕೀರ್ತನಾ ಲಾಲಿ ಹಾಡುವವಳ ಹಾಗೆ ಹೇಳುತ್ತಿದ್ದಳು. ಎಕ್ಸ್‌ರೇ ತೆಗೆದು ನಳಿಗೆ ಸರಿಯಾಗಿ ಕೂತಿದೆ ಎಂದು ಖಾತ್ರಿ ಮಾಡಿಕೊಳ್ಳುವ ಹೊತ್ತಿಗೆ ಮಧ್ಯಾಹ್ನದ ಬಿಸಿಲು ಮಂಚದ ಕಾಲಿನ ಬಳಿ ಬಂದು ಮಲಗಿತ್ತು. ಹಾಲಿನಂಥ ಆಹಾರವನ್ನು ಕೀರ್ತನಾ ಮೆಲ್ಲಗೆ ನಳಿಗೆಗೆ ಬಿಟ್ಟಳು. ಬಹುದಿನ ಬೀಗ ಬಿದ್ದಿದ್ದ ಮನೆಯೊಳಗೆ ಯಾರೋ ಬರಿಗಾಲಲ್ಲಿ ನಡೆದು ಹೋದ ಹಾಗೆ ಒಳಗೊಂದು ಬೆಚ್ಚನೆಯ ಸಂಚಾರ. ನಡುಮನೆ ದಾಟಿತು, ಅಡುಗೆಮನೆಗೆ ಹೋಯಿತು, ಅಲ್ಲಿ ಕೂತಿತು. ಸಣ್ಣತಿಮ್ಮಪ್ಪ ಕಣ್ಣು ಮುಚ್ಚಿ ಅದರ ಹೆಜ್ಜೆ ಎಣಿಸಿದ.

“ರುಚಿ ಹೆಂಗೈತ್ರಿ?” ಎಂದಳು ಪುಟ್ಟಕ್ಕ, ಮೆಲ್ಲಗೆ.

“ನಾಲಿಗೀನ ಕೇಳದಂಗ ಒಳಗ ಹೋತು. ನನಗೇನು ಗೊತ್ತು.”

“ಪಕ್ಕದ ಮನಿಗೆ ಹೋಗಲಿಲ್ಲಲ್ಲ, ಅಷ್ಟು ಸಾಕು ಬಿಡ್ರಿ.”

ಅವನು ತಲೆಯಾಡಿಸಿ ದಿಂಬಿಗೆ ಒರಗಿದ. ಪುಟ್ಟಕ್ಕ ಅವನ ಪಾದದ ಮೇಲೆ ಹೊದಿಕೆ ಎಳೆಯುತ್ತಿದ್ದಳು. ಸ್ವಲ್ಪ ಹೊತ್ತಿಗೆ, ಎಷ್ಟೋ ವಾರಗಳ ನಂತರ, ಅವನಿಗೆ ಒಂದು ಸಣ್ಣ ತೇಗು ಬಂತು.