ಯಾರೂ ತೆರೆದು ನೋಡದ ಕಾನೂನು

ಖಂಡೆಪ್ಪ ಬಲಗೈಗೆ ಟವೆಲ್ ಸುತ್ತಿಕೊಂಡೇ ಬಂದಿದ್ದ. ಕಲಬುರ್ಗಿಯ ಐವಾನ್-ಎ-ಶಾಹಿ ಬಡಾವಣೆಯ ಆ ಸಣ್ಣ ವಕೀಲರ ಕಚೇರಿಯಲ್ಲಿ ಹಿರಿಯರು ಇನ್ನೂ ಕೋರ್ಟಿನಿಂದ ಬಂದಿರಲಿಲ್ಲ. ಅವರ ಕೈಕೆಳಗೆ ಕೆಲಸ ಕಲಿಯುತ್ತಿದ್ದ ಜಯದೇವಿ ಒಬ್ಬಳೇ ಇದ್ದಳು. ಖಂಡೆಪ್ಪ ಕುರ್ಚಿಯ ತುದಿಯಲ್ಲಿ ಕೂತು ನೆಲ ನೋಡುತ್ತಿದ್ದ. ಮಾತಾಡಿದ್ದು ಅವನ ಹೆಂಡತಿ ದುಂಡಮ್ಮ.

“ಕಮಲಾಪುರದಿಂದ ಬಂದೀವ್ರಿ ಅಕ್ಕಾರ. ಇವ್ರು ಕತಾರಿನ ದೋಹಾಕ್ಕ ವೆಲ್ಡಿಂಗ್ ಕೆಲಸಕ್ಕ ಹೋಗಿದ್ರು. ಅಲ್ಲಿ ಕಬ್ಬಿಣದ ತೊಲಿ ಕೈಮ್ಯಾಗ ಬಿದ್ದು ಬೆರಳು ಹೋದವು. ದವಾಖಾನಿಯಿಂದ ಸೀದಾ ವಿಮಾನ ಹತ್ತಿಸಿ ಕಳಿಸಿಬಿಟ್ಟಾರ.”

“ಪರಿಹಾರ ಏನೂ ಕೊಡಲಿಲ್ಲೇನು?”

“ಏಜೆಂಟ್ ಕಾಶಿರಾಯನ ಹಂತ್ಯಾಕ ಹೋಗಿದ್ವಿ. ಆ ದೇಶದಾಗ ಹೊರಗಿನವರಿಗೆ ಕಾನೂನೇ ಇಲ್ಲಂತ. ಮ್ಯಾಲ ಇವ್ರು ಸಹಿ ಬ್ಯಾರೆ ಮಾಡಿ ಬಂದಾರಂತ.”

ದುಂಡಮ್ಮ ಪ್ಲಾಸ್ಟಿಕ್ ಚೀಲದಿಂದ ಒಂದು ಕಾಗದ ತೆಗೆದು ಕೊಟ್ಟಳು. ಮೇಲೆ ಅರಬ್ಬಿ, ಕೆಳಗೆ ಇಂಗ್ಲಿಷ್. ನನಗೆ ಬರಬೇಕಾದ್ದೆಲ್ಲ ಬಂದಿದೆ, ಕಂಪನಿಯ ಮೇಲೆ ನನ್ನದು ಯಾವ ತಕರಾರೂ ಇಲ್ಲ ಎಂದಿತ್ತು. ಅದರಡಿಯಲ್ಲಿ ಸೊಟ್ಟಸೊಟ್ಟಾಗಿ ‘ಖಂಡೆಪ್ಪ’ ಎಂದು ಬರೆದಿತ್ತು.

“ಎಡಗೈಲೆ ಬರದೀನ್ರಿ,” ಖಂಡೆಪ್ಪ ಮೊದಲ ಸಲ ಬಾಯಿಬಿಟ್ಟ. “ಸಹಿ ಮಾಡಿದ್ರ ಟಿಕೇಟ್ ಕೊಡ್ತೀವಿ ಅಂದ್ರು. ಊರು ಮುಟ್ಟಿದ್ರ ಸಾಕಾಗಿತ್ತು.”

ಆ ಸೊಟ್ಟ ಅಕ್ಷರಗಳನ್ನು ನೋಡುತ್ತ ಜಯದೇವಿಗೆ ಮೈಯೆಲ್ಲ ಉರಿಯಿತು. ಬೆರಳು ಕಳೆದುಕೊಂಡವನಿಗೆ ಆಸ್ಪತ್ರೆಯ ಹಾಸಿಗೆಯ ಮೇಲೆ ಪೆನ್ನು ಹಿಡಿಸುವವರು ಎಂಥ ಮನುಷ್ಯರು?

ಸಂಜೆ ಹಿರಿಯ ವಕೀಲರಿಗೆ ಹೇಳಿದಾಗ ಅವರು ಕೋಟು ಕಳಚುತ್ತ ನಕ್ಕರು. “ಕತಾರ್ ಕಾನೂನು ನಮ್ಮ ಲೈಬ್ರರಿಯಾಗ ಎಲ್ಲಿ ಸಿಗ್ತದವಾ? ಇಲ್ಲೀ ಕಾನೂನೇ ನಮಗ ಪೂರಾ ತಿಳೀವಲ್ದು. ಬಡವರು, ಸಮಾಧಾನ ಹೇಳಿ ಕಳಸು.”

ಅವರು ಕೆಟ್ಟವರಲ್ಲ. ಆದರೆ ಆ ನಗು ಅವಳಿಗೆ ಸೇರಲಿಲ್ಲ. ಇಲ್ಲ ಎನ್ನುವ ಮಾತನ್ನು ಎಲ್ಲರೂ ಇಷ್ಟು ಸಲೀಸಾಗಿ ಆಡುತ್ತಾರಲ್ಲ, ನೋಡಿದವರು ಯಾರು?

ಮರುದಿನ ಕೋರ್ಟು ಮುಗಿಸಿ ಸೂಪರ್ ಮಾರ್ಕೆಟ್ ಎನ್ನುವ ಪೇಟೆಯಲ್ಲಿದ್ದ ಸಿಕಂದರನ ಸೈಬರ್ ಕೆಫೆಗೆ ಹೋದಳು. ಅದು ಎರಡು ಸಾವಿರದ ಏಳರ ಮಳೆಗಾಲ. ಕೆಫೆಗೆ ಬರುವವರು ಹೆಚ್ಚಾಗಿ ಪರೀಕ್ಷೆಯ ಫಲಿತಾಂಶ ನೋಡಲು, ಇಲ್ಲವೆ ಕೆಲಸಕ್ಕೆ ಅರ್ಜಿ ಹಾಕಲು ಬರುವವರು. ಪ್ಲೈವುಡ್ ಗೂಡಿನಲ್ಲಿ ಕೂತು ಅವಳು ಕತಾರಿನ ಕಾರ್ಮಿಕ ಕಾನೂನು ಹುಡುಕಿದಳು. ಮೊದಲು ಸಿಕ್ಕ ತಾಣ ಎರಡು ಸಾಲು ತೋರಿಸಿ, ಮುಂದೆ ಓದಬೇಕಾದರೆ ಡಾಲರ್ ಕಟ್ಟು ಎಂದಿತು. ಎರಡನೆಯದೂ ಹಾಗೇ.

“ಸಿಕಂದರ್, ಒಂದು ದೇಶದ ಕಾನೂನು ಓದಾಕ ರೊಕ್ಕ ಯಾಕ ಕೊಡಬೇಕು?”

“ಎಲ್ಲಾ ಹಂಗೇ ಅದ ಮೇಡಂ,” ಅಂದ ಅವನು. “ಹುಡುಕಿದ್ರ ಪುಕ್ಕಟ್ಟೆನೂ ಸಿಗ್ತಾವ. ಆದ್ರ ಕೆಳಗ ಇರ್ತಾವ, ಯಾರೂ ಅಲ್ಲೀತನಕ ಹೋಗಂಗಿಲ್ಲ.”

ಅವಳು ಕೆಳಗೆ ಹೋದಳು. ಮುಂದಿನ ಪುಟ, ಅದರ ಮುಂದಿನದು. ನಡುವೆ ಲೈಟು ಹೋಯಿತು, ಮತ್ತೆ ಮೊದಲಿನಿಂದ ಶುರು. ಮೂರನೇ ದಿನ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ತಾಣ ಸಿಕ್ಕಿತು. ಅಲ್ಲಿ ದೇಶದೇಶಗಳ ಹೆಸರು ಸಾಲಾಗಿದ್ದವು, ಒಂದೊಂದು ಹೆಸರಿನ ಹಿಂದೆ ಆ ದೇಶದ ಕಾನೂನುಗಳು. ಡಾಲರ್ ಕೇಳುವವರಿಲ್ಲ. ಕತಾರ್ ಒತ್ತಿದಳು. ಪುಟ ಇಂಚಿಂಚಾಗಿ ಇಳಿಯಿತು, ಇಂಗ್ಲಿಷಿನಲ್ಲಿ, ಪೂರ್ತಿಯಾಗಿ.

ನಾಲ್ಕನೆಯ ಕಲಮಿಗೆ ಬಂದಾಗ ಅವಳ ಬೆರಳು ಮೌಸಿನ ಮೇಲೆ ನಿಂತುಬಿಟ್ಟಿತು. ಈ ಕಾನೂನು ಕೊಟ್ಟ ಹಕ್ಕನ್ನು ಕಾರ್ಮಿಕ ಬಿಟ್ಟುಕೊಟ್ಟರೂ, ರಾಜಿ ಮಾಡಿಕೊಂಡರೂ ಅದು ನಡೆಯುವುದಿಲ್ಲ ಎಂದಿತ್ತು. ಖಂಡೆಪ್ಪನ ಎಡಗೈ ಸಹಿಗೆ ಕವಡೆಯ ಕಿಮ್ಮತ್ತಿರಲಿಲ್ಲ. ಇನ್ನೂ ಕೆಳಗೆ, ಕೆಲಸದಲ್ಲಿ ಅಂಗ ಊನವಾದರೆ ಮಾಲೀಕ ಪರಿಹಾರ ಕೊಡಬೇಕು, ಊನ ಖಾಯಂ ಎಂದು ವೈದ್ಯರು ಕೊನೆಯ ವರದಿ ಕೊಟ್ಟ ಮೇಲೆ ವರ್ಷದೊಳಗೆ ಕೇಳಬೇಕು ಎಂದಿತ್ತು. ಖಂಡೆಪ್ಪನ ವರ್ಷ ಇನ್ನೂ ಮುಗಿದಿರಲಿಲ್ಲ.

ಅವಳಿಗೆ ಖುಷಿಯಾಗಬೇಕಿತ್ತು. ಆಗಿದ್ದು ಸಿಟ್ಟು. ಇದೇನು ತಿಜೋರಿಯಲ್ಲಿಟ್ಟ ಗುಟ್ಟೇ? ಕಲಬುರ್ಗಿಯ ಸಂತೆ ನಡುವಿನ ಈ ಗೂಡಿಗೇ ಬಂದು ಕೂತಿತ್ತು, ಪುಕ್ಕಟೆಯಾಗಿ. ಪರದೇಶಕ್ಕೆ ಜನರನ್ನು ಕಳಿಸುವ ಏಜೆಂಟರಿಗೆ ಲೈಸೆನ್ಸ್ ಇರಬೇಕೆನ್ನುವ ನಮ್ಮ ಕಾಯ್ದೆಯನ್ನೂ ಸರ್ಕಾರದ ತಾಣದಿಂದ ತೆಗೆದು, ಎರಡನ್ನೂ ಪ್ರಿಂಟ್ ಹಾಕಿಸಿಕೊಂಡು ನೇರವಾಗಿ ಸ್ಟೇಷನ್ ಕಡೆಗಿದ್ದ ಕಾಶಿರಾಯನ ಆಫೀಸಿಗೆ ನಡೆದಳು.

ಹೊರಗೆ ಬೆಂಚಿನ ಮೇಲೆ ಪಾಸ್‌ಪೋರ್ಟ್ ಹಿಡಿದ ಹುಡುಗರು ಕೂತಿದ್ದರು. ಒಳಗೆ ಎ.ಸಿ. ತಣ್ಣಗೆ ಓಡುತ್ತಿತ್ತು. ಕಾಶಿರಾಯ ಹಾಳೆಗಳನ್ನು ಮುಟ್ಟದೆಯೇ ನೋಡಿದ.

“ಇಂಟರ್‌ನೆಟ್‌ನ್ಯಾಗ ಏನ್ ಬೇಕಾದ್ರೂ ಬರೀತಾರ ಮೇಡಂ.”

“ಇದು ಯಾರೋ ಬರದದ್ದಲ್ರೀ. ಅಲ್ಲೀ ಸರ್ಕಾರ ಮಾಡಿದ ಕಾನೂನು. ಇಷ್ಟು ವರ್ಷದಿಂದ ಮಂದೀನ ಕಳಸಾಕತ್ತೀರಿ, ಒಮ್ಮೆನೂ ತಗದು ನೋಡಿಲ್ಲೇನು?”

“ನೋಡೂದು ನಮ್ಮ ಕೆಲಸ ಅಲ್ಲ.”

“ಮತ್ತ ಇಲ್ಲ ಅಂತ ಹೇಳೂದು ನಿಮ್ಮ ಕೆಲಸೇನು? ನಿಮ್ಮ ಲೈಸೆನ್ಸ್ ತೋರಸ್ರಿ.”

ಲೈಸೆನ್ಸ್ ಮುಂಬಯಿ ಮಾಲೀಕರ ಹತ್ತಿರ ಇದೆ ಎಂದ. ಹಾಗೆನ್ನುವಾಗ ಅವನ ಕಣ್ಣು ಅವಳನ್ನು ತಪ್ಪಿಸಿ ಬಾಗಿಲ ಕಡೆಗಿತ್ತು.

ಅವಳು ದೋಹಾದ ನಮ್ಮ ರಾಯಭಾರ ಕಚೇರಿಗೆ ಬರೆದಳು, ವಲಸೆ ಕಾರ್ಮಿಕರ ದೂರು ಕೇಳುವ ಹೈದರಾಬಾದಿನ ಕಚೇರಿಗೂ ಬರೆದಳು. ಉತ್ತರ ಬರದಿದ್ದಾಗ ಮತ್ತೆ ಬರೆದಳು. ಸಹಿಯಾಗಿದೆಯಲ್ಲ ಎಂದು ಕಂಪನಿ ಅಂದಿತಂತೆ. ರಾಯಭಾರ ಕಚೇರಿಯವರು ನಾಲ್ಕನೆಯ ಕಲಮನ್ನು ಮುಂದಿಟ್ಟರಂತೆ. ಆಮೇಲೆ ಕಂಪನಿ ಸದ್ದಿಲ್ಲದೆ ದಾರಿಗೆ ಬಂತು. ಯುಗಾದಿಗೆ ಮುಂಚೆ ಖಂಡೆಪ್ಪನಿಗೆ ಪರಿಹಾರ ಮುಟ್ಟಿತು. ಕೈಗೆ ಸಾಟಿಯಾಗುವಂಥದ್ದಲ್ಲ, ಆದರೆ ಕಮಲಾಪುರದ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಅಂಗಡಿ ಹಾಕುವಷ್ಟು.

ಅದನ್ನು ಹೇಳಲು ಅವನು ಕೆಂಪು ಬಾಳೆಹಣ್ಣಿನ ಚಿಪ್ಪು ಹಿಡಿದುಕೊಂಡು ಬಂದ. ಒಬ್ಬನೇ ಬರಲಿಲ್ಲ. ಜೊತೆಗೆ ತಾಜಸುಲ್ತಾನಪುರದ ಅಲ್ಲಾವುದ್ದೀನ್ ಇದ್ದ. ಅವನನ್ನೂ ಕಾಶಿರಾಯನೇ ದೋಹಾಕ್ಕೆ ಕಳಿಸಿದ್ದ. ಕೆಲಸದಲ್ಲಿ ಕಬ್ಬಿಣದ ಚೂರು ಸಿಡಿದು ಒಂದು ಕಣ್ಣು ಹೋಗಿತ್ತು. ಊರಿಗೆ ಬಂದು ಎರಡು ವರ್ಷದ ಮೇಲಾಗಿತ್ತು.

ಜಯದೇವಿ ಎಲ್ಲ ಕೇಳಿಕೊಂಡಳು. ವರ್ಷದ ಗಡುವು ಹೇಳುವ ಹಾಳೆ ತೆಗೆದು ಮುಂದಿಟ್ಟುಕೊಂಡಳು.

“ಈ ಕಾನೂನು ನನ್ ಕಣ್ಣು ಹೋದಾಗೂ ಇತ್ತೇನ್ರಿ ಮೇಡಂ?” ಅಲ್ಲಾವುದ್ದೀನನೇ ಕೇಳಿದ.

“ಇತ್ತು.”

“ಈಗ ಕೇಳಿದ್ರ?”

“ವರ್ಷದಾಗ ಕೇಳಬೇಕಿತ್ತು. ಅರ್ಜಿ ಬರದು ನೋಡ್ತೀನಿ. ಸುಳ್ಳು ಹೇಳೂದಿಲ್ಲ, ಆಗೂದು ಕಷ್ಟ ಅದ.”

ಅವನು ತಲೆಯಾಡಿಸಿದ. “ರಂಜಾನ್ ಬಂದಾಗೊಮ್ಮೆ, ಬಕ್ರೀದ್ ಬಂದಾಗೊಮ್ಮೆ ಕಾಶಿರಾಯನ ಆಫೀಸಿಗಿ ಹೋಗಿ ಕೇಳ್ತಿದ್ದೆ. ಇಲ್ಲ ಅಂತಿದ್ದ. ಓದಿದಾಂವ ಹೇಳ್ತಾನ, ಇಲ್ಲ ಅಂದ್ರ ಇರಲಿಕ್ಕಿಲ್ಲ ಅಂದ್ಕೊಂಡೆ.”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದನ್ನೇ ಅವಳಿಗೆ ತಡೆಯಲಾಗಲಿಲ್ಲ. ಆ ಹೊತ್ತಿನಲ್ಲೇ ಹಾಳೆಗಳನ್ನು ತೆಗೆದುಕೊಂಡು ಎದ್ದಳು. ಇಬ್ಬರೂ ಅವಳ ಹಿಂದೆ ನಡೆದರು.

ಕಾಶಿರಾಯನ ಬೆಂಚಿನ ಮೇಲೆ ಅವತ್ತೂ ಹುಡುಗರಿದ್ದರು. ಜಯದೇವಿ ಒಳಗೆ ಹೋಗಲಿಲ್ಲ. ಅವರ ಎದುರಿಗೆ ನಿಂತು, ಒಂದೊಂದೇ ಕಲಮು ಓದಿ ಅವರ ಮಾತಿನಲ್ಲಿ ಬಿಡಿಸಿ ಹೇಳತೊಡಗಿದಳು. ಖಂಡೆಪ್ಪ ತನ್ನ ಬಲಗೈಯ ಟವೆಲ್ ಬಿಚ್ಚಿ ಅವಳ ಪಕ್ಕದಲ್ಲಿ ನಿಂತ.

ಕಾಶಿರಾಯ ಬಾಗಿಲು ತೆಗೆದು ಹೊರಗೆ ಬಂದ. “ಮೇಡಂ, ಇದು ನನ್ ಆಫೀಸು. ಇಲ್ಲಿ ಭಾಷಣ ಮಾಡಬ್ಯಾಡ್ರಿ. ಪೊಲೀಸರಿಗಿ ಫೋನ್ ಮಾಡ್ತೀನಿ.”

“ಮಾಡ್ರಿ. ಬಂದಾಗ ಲೈಸೆನ್ಸ್ ಅವರಿಗೇ ತೋರಸ್ರಿ,” ಅಂದಳು ಅವಳು ಹಾಳೆಯಿಂದ ತಲೆಯೆತ್ತದೆ.

ಕಾಶಿರಾಯ ಫೋನು ಮಾಡಲಿಲ್ಲ. ಬಾಗಿಲಲ್ಲೇ ನಿಂತ. ಬೆಂಚಿನ ತುದಿಯಲ್ಲಿದ್ದ ಒಬ್ಬ ಎದ್ದು, ಪಾಸ್‌ಪೋರ್ಟನ್ನು ಅಂಗಿಯ ಜೇಬಿಗೆ ತುರುಕಿಕೊಂಡು ಕೇಳಿದ:

“ಬರೇ ಕೈ ಹೋದ್ರ ಅಷ್ಟೇ ಕೊಡ್ತಾರೇನ್ರಿ? ಮ್ಯಾಲಿಂದ ಬಿದ್ದು ನಡಾ ಮುರದ್ರ?”

“ಅದೂ ಅದ, ತಡಿ,” ಎಂದು ಜಯದೇವಿ ಹಾಳೆ ಮಗುಚಿದಳು.