ಬಾಲದ ತುಂಡು

ಗಾಜಿನ ತಟ್ಟೆಯ ಅಂಚಿನಲ್ಲಿ ಅಲುಗಾಡಿದ್ದು ಗುಳ್ಳೆ, ಹುಳ ಅಲ್ಲ, ಹುಳ ನಿನ್ನೆಯಿಂದ ಹಾಗೇ ಬಿದ್ದಿದೆ — ಅಕ್ಕಿನುಚ್ಚಿನಷ್ಟು ಕಂದು ಚೂರು, ಸೋಮವಾರ ಲ್ಯಾಬಿನಲ್ಲಿ ಇಡೀ ಚಪ್ಪಟೆ ಹುಳವನ್ನು ಇವಳೇ ಬ್ಲೇಡಿನಿಂದ ಎರಡು ಮಾಡಿದ್ದು, ತಲೆಯ ಅರ್ಧ ಪಕ್ಕದ ಮೇಜಿನವಳಿಗೆ, ಬಾಲದ ಅರ್ಧ ಇವಳಿಗೆ, ಬಾಲಕ್ಕೂ ವಾರದೊಳಗೆ ತಲೆ ಬರುತ್ತೆ ನೋಡ್ತಾ ಇರಿ ಅಂದರು ಮೇಡಂ, ಈ ಪರದೇಶದ ಕ್ಲಾಸಿನ ಹುಡುಗರು ಆಕಳಿಸಿದರು, ಇವಳಿಗೆ ಮಾತ್ರ ಮೈ ಜುಮ್ಮೆಂದಿತು, ತಲೆಯೇ ಇಲ್ಲದ್ದಕ್ಕೆ ತಲೆ ಬೆಳೆಸಿಕೋ ಅಂತ ಹೇಳುವವರು ಯಾರು? ಪಕ್ಕದವಳ ತಟ್ಟೆಯಲ್ಲಿ ಆ ತಲೆ, ಅದರ ಮೇಲೆ ಎರಡು ಕಪ್ಪು ಚುಕ್ಕಿ, ಮೆಳ್ಳೆಗಣ್ಣು, ಏನೇ ನನ್ನ ಬಾಲ ಎಲ್ಲಿ ಅನ್ನುವ ಹಾಗೆ. ಫೋನಿನಲ್ಲಿ ಅಜ್ಜಿಗೆ ಹೇಳಿದರೆ, ಹೌದೇನೇ, ನಿಮ್ಮ ಮಾವನಿಗೂ ಒಂದು ತಲೆ ಕಳಿಸಿಕೊಡು ಪುಟ್ಟೀ, ಹಿಂದಿನಿಂದ ಮಾವ, ಕೇಳಿಸ್ತು ಕಣಮ್ಮಾ ಕೇಳಿಸ್ತು — ನಗುತ್ತಲೇ ನಿದ್ದೆ, ನಿದ್ದೆಯಲ್ಲೂ ಆ ಚುಕ್ಕಿ. ಮಂಗಳವಾರ ಟಾರ್ಚು ಬಿಟ್ಟಾಗ ಚೂರು ಮೆಲ್ಲಗೆ ನೆರಳಿಗೆ ಜಾರಿತ್ತಲ್ಲ, ಕಣ್ಣಿಲ್ಲದೆ ಬೆಳಕು ಹೇಗೆ ಗೊತ್ತು, ಮೈಗೇ ಗೊತ್ತಾ, ಬುಧವಾರ ಕತ್ತರಿಸಿದ ತುದಿ ಬೆಳ್ಳಗಾಗಿತ್ತು, ಎಳೆ ಉಗುರಿನ ಬಣ್ಣ. ನಿನ್ನೆ ಕೈ ಸುಮ್ಮನಿರಲಿಲ್ಲ, ನಿನ್ನೆಯ ನೀರು ಇವತ್ತಿಗೆ ಯಾರಾದ್ರೂ ಇಡ್ತಾರೇನೇ, ಚೆಲ್ಲು ಅನ್ನುವ ಅಮ್ಮನ ಮನೆಯ ಕೈ, ಬೆಳಗೆದ್ದರೆ ಬಿಂದಿಗೆ ಬೆಳಗಿ ಹೊಸ ನೀರು ಹಿಡಿದ ಕೈ, ತಟ್ಟೆಯ ನೀರನ್ನು ಚೆಲ್ಲಿ ನಲ್ಲಿ ತಿರುಗಿಸಿತು. ಅಯ್ಯೋ ನಲ್ಲಿ ನೀರಾ, ಅದರಲ್ಲಿ ಔಷಧಿ ಹಾಕಿರ್ತಾರೆ ಕಣೇ, ಅದು ಹಾರಿಹೋಗಲಿ ಅಂತಲೇ ಅಲ್ವಾ ಬಕೆಟ್‌ನಲ್ಲಿ ಹಳೇ ನೀರು ಇಟ್ಟಿರೋದು, ಸ್ನಾನ ಮಾಡಿಸಿ ಕೊಂದೆಯಲ್ಲೇ ಅಂದಳು ಪಕ್ಕದವಳು, ಇವಳು ಓಡಿ ಹಳೇ ನೀರು ತುಂಬುವಷ್ಟರಲ್ಲಿ ಚೂರು ಮುದುಡಿ ಗುಂಡಗಾಗಿತ್ತು, ಹಳೆಯದೇ ಒಳ್ಳೆಯದು ಅಂತ ಯಾವ ಮನೆಯಲ್ಲಿ ಕಲಿಸುತ್ತಾರೆ. ಇವತ್ತು ಶುಕ್ರವಾರ, ಸಂಜೆ ತಟ್ಟೆ ತೊಳೆದಿಡಬೇಕು, ಮೇಡಂ ಬೈದರೆ ಬೈಯಲಿ, ಬೈಗುಳ ಮೈಗಂಟಿಕೊಳ್ಳುವುದಿಲ್ಲ, ಆದರೆ ಆ ತಲೆ, ಇಷ್ಟು ಹತ್ತಿರ ಬಂದು ಅದನ್ನು ನೋಡದೇ ಹೋಗುವುದಾ — ಮಸೂರಕ್ಕೆ ಕಣ್ಣು ಒತ್ತುತ್ತಾಳೆ, ಉಸಿರಿಗೆ ಗಾಜು ಮಂಜಾಗುತ್ತದೆ, ಒರೆಸಿ ಮತ್ತೆ, ಬೆಳ್ಳಗಿನ ತುದಿ, ತುದಿಯಲ್ಲಿ ಸೂಜಿಮೊನೆಯಷ್ಟು ಕಪ್ಪು, ಧೂಳಿರಬೇಕು, ಧೂಳೇ, ತಟ್ಟೆಯನ್ನು ಕೂದಲೆಳೆಯಷ್ಟು ಸರಿಸುತ್ತಾಳೆ, ಚೂರು ಮೈ ಬಿಚ್ಚುತ್ತದೆ, ನಿಧಾನ, ಒಂದು ಕಡೆ ವಾಲುತ್ತದೆ, ಧೂಳು ಅದರ ಜೊತೆಗೇ ವಾಲುತ್ತದೆ, ಪಕ್ಕದಲ್ಲಿ ಇನ್ನೊಂದು, ಇನ್ನೂ ತೆಳು, ಚುಕ್ಕಿ, ಮೆಳ್ಳೆ, ಇವಳನ್ನೇ — ಚುಕ್ಕಿ —